ಷರತ್ತನ್ನು ತಿರುಗಿಸಿ ಓದಿ

ಛತ್ರದ ರಸೀದಿಯ ಹಿಂಬದಿಯನ್ನು ಜನ ಓದುವುದು ಮದುವೆ ನಿಂತುಹೋದ ಮೇಲೆ. ಅಲ್ಲಿಯವರೆಗೆ ಅದು ಪರ್ಸಿನಲ್ಲಿ ನಾಲ್ಕು ಮಡಿಕೆಯಾಗಿ ಕೂತಿರುತ್ತದೆ. ಮುಂಬದಿಯಲ್ಲಿ ತಾರೀಖು, ಕಟ್ಟಿದ ಮುಂಗಡ, ಕೊಡಬೇಕಾದ ಬಾಕಿ ಸರಿಯಾಗಿದ್ದರೆ ಸಾಕು, ಮಗುಚಿ ನೋಡುವ ವ್ಯವಧಾನ ಯಾರಿಗಿದೆ? ಹಿಂದೆ ಕನ್ನಡಕ ಹಾಕಿದರೂ ಕಾಣದ ಅಕ್ಷರಗಳಲ್ಲಿ ಹದಿನೈದೋ ಇಪ್ಪತ್ತೋ ಸಾಲು. ಒಮ್ಮೆ ಕಟ್ಟಿದ ಮುಂಗಡವನ್ನು ಯಾವ ಕಾರಣಕ್ಕೂ ಹಿಂತಿರುಗಿಸಲಾಗುವುದಿಲ್ಲ. ಉಗ್ರಾಣದಲ್ಲಿಟ್ಟ ಸಾಮಾನಿಗೂ ಕೋಣೆಯಲ್ಲಿಟ್ಟ ಒಡವೆಗೂ ಆಡಳಿತದವರು ಜವಾಬ್ದಾರರಲ್ಲ. ಪಾತ್ರೆ ಕಳೆದರೆ ಹೊಸದರ ಎರಡರಷ್ಟು ಬೆಲೆ. ಅಡುಗೆಯವರು ನಮ್ಮ ಪಟ್ಟಿಯಿಂದಲೇ ಆಗಬೇಕು. ಅನಿವಾರ್ಯ ಸಂದರ್ಭದಲ್ಲಿ ಬುಕಿಂಗ್ ರದ್ದು ಮಾಡುವ ಹಕ್ಕು ಆಡಳಿತದವರದ್ದು. ಕೊನೆಗೆ, ಮುನ್ಸೂಚನೆ ಇಲ್ಲದೆ ಈ ಷರತ್ತುಗಳನ್ನೇ ಬದಲಿಸುವ ಹಕ್ಕೂ ಅವರದ್ದೇ.

ಇವನ್ನೆಲ್ಲ ಬರೆದವರು ಯಾರು? ವಕೀಲರಂತೂ ಅಲ್ಲ. ಬಹುಮಟ್ಟಿಗೆ ಛತ್ರದ ಮಾಲೀಕರೂ ಅಲ್ಲ. “ಎಲ್ಲರಿಗೂ ಹಾಕ್ತೀರಲ್ಲ, ಅದನ್ನೇ ಹಾಕ್ರಿ” ಎಂದು ಅವರು ಪ್ರೆಸ್ಸಿನವರಿಗೆ ಹೇಳಿರುತ್ತಾರೆ. ಪ್ರೆಸ್ಸಿನ ಡಿಟಿಪಿ ಹುಡುಗ ಹಿಂದೆ ಇನ್ಯಾವುದೋ ಛತ್ರಕ್ಕೆ ಮಾಡಿಟ್ಟ ಫೈಲು ತೆಗೆದು, ಹೆಸರು ಮತ್ತು ಫೋನ್ ನಂಬರು ಬದಲಿಸಿ ಅಚ್ಚಿಗೆ ಬಿಟ್ಟಿರುತ್ತಾನೆ. ಈಗ ಪ್ರೆಸ್ಸಿನ ಜಾಗಕ್ಕೆ ವೆಬ್‌ಸೈಟ್ ಮಾಡಿಕೊಡುವವರು ಬಂದಿದ್ದಾರೆ, ಅಷ್ಟೇ ವ್ಯತ್ಯಾಸ. ಮನೆಯಲ್ಲೇ ಉಪ್ಪಿನಕಾಯಿ ಮಾಡಿ ಆನ್‌ಲೈನಿನಲ್ಲಿ ಮಾರುವವರ ಷರತ್ತುಪಟ್ಟಿ ಪರಿಶೀಲನೆಗೆ ಬಂದರೆ ನಾನು ಮೊದಲು ಹುಡುಕುವುದು ‘ಡೆಲವೇರ್’ ಎಂಬ ಹೆಸರನ್ನು. ಅಮೆರಿಕದ ಯಾವುದೋ ಸಾಫ್ಟ್‌ವೇರ್ ಕಂಪನಿಯಿಂದ ಎತ್ತಿಕೊಂಡ ಪಠ್ಯವಾದರೆ ವ್ಯಾಜ್ಯಗಳೆಲ್ಲ ಡೆಲವೇರ್ ರಾಜ್ಯದ ಕಾನೂನಿಗೆ ಒಳಪಟ್ಟಿವೆ ಎಂಬ ಸಾಲು ಎಲ್ಲೋ ಒಂದು ಕಡೆ ಉಳಿದುಕೊಂಡಿರುತ್ತದೆ. ಮಾವಿನಮಿಡಿಯ ಜಾಡಿ ಒಡೆದು ಬಂತೆಂದು ಜಗಳವಾದರೆ ಅಲ್ಲಿಗೆ ಹೋಗಬೇಕು ಪಾಪ.

ನಗುವ ವಿಷಯ ಹೌದು. ಆದರೆ ಅಚ್ಚಾದ ಸಾಲಿಗೆ ತೂಕವೇ ಇಲ್ಲ ಎಂದುಕೊಳ್ಳಬಾರದು. 1872ರ ಕರಾರು ಕಾಯ್ದೆಯ ಕಾಲದಿಂದ ಇಲ್ಲಿಯವರೆಗೆ ಕೋರ್ಟುಗಳ ಮೊದಲ ನಿಲುವು ಒಂದೇ: ಸಹಿ ಹಾಕಿದ್ದೀರಿ, ಅಂದ ಮೇಲೆ ಓದಿ ಒಪ್ಪಿದ್ದೀರಿ. 1996ರಲ್ಲಿ ಭಾರತಿ ನಿಟಿಂಗ್ ಕಂಪನಿ ಮತ್ತು ಡಿಎಚ್‌ಎಲ್ ಕೊರಿಯರ್ ನಡುವಿನ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ವಿದೇಶಕ್ಕೆ ಕಳಿಸಿದ ದಾಖಲೆಗಳ ಲಕೋಟೆ ತಲುಪಲಿಲ್ಲ, ಕಂಪನಿಗೆ ದೊಡ್ಡ ನಷ್ಟವಾಯಿತು. ಆದರೆ ಕಳಿಸುವಾಗ ಸಹಿ ಹಾಕಿದ ಚೀಟಿಯಲ್ಲಿ, ಏನೇ ಆದರೂ ಕೊರಿಯರ್‌ನವರ ಹೊಣೆ 100 ಡಾಲರಿಗೆ ಸೀಮಿತ ಎಂದಿತ್ತು. ಸುಪ್ರೀಂ ಕೋರ್ಟು ಆ ಮಿತಿಯನ್ನು ಎತ್ತಿಹಿಡಿಯಿತು. ‘ಓದಿರಲಿಲ್ಲ ಸ್ವಾಮಿ’ ಎಂಬುದು ನಮ್ಮಲ್ಲಿ ವಾದವಾಗಿ ನಿಲ್ಲುವುದಿಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ಧಾರೆಯ ತೀರ್ಪುಗಳಿವೆ. ನನಗೆ ಇವುಗಳಲ್ಲಿ ಅಚ್ಚುಮೆಚ್ಚಿನದು ಒಂದು ಸೀರೆಯ ಕತೆ. ಮದ್ರಾಸಿನ ಲಿಲಿ ವೈಟ್ ಎಂಬ ಲಾಂಡ್ರಿಗೆ ಒಬ್ಬರು ಹೊಸ ಸೀರೆಯನ್ನು ಒಗೆಯಲು ಕೊಟ್ಟರು. ಸೀರೆ ಕಳೆದುಹೋಯಿತು. ರಸೀದಿಯಲ್ಲಿ ಮೊದಲೇ ಅಚ್ಚಾಗಿತ್ತು: ಬಟ್ಟೆ ಕಳೆದರೆ ಮಾರುಕಟ್ಟೆ ಬೆಲೆಯ ಅರ್ಧದಷ್ಟು ಮಾತ್ರ ಪರಿಹಾರ. ಮೊಕದ್ದಮೆ ಮದ್ರಾಸ್ ಹೈಕೋರ್ಟಿಗೆ ಹೋಯಿತು; ತೀರ್ಪು 1966ರ ಕಾನೂನು ವರದಿಗಳಲ್ಲಿದೆ. ಕೋರ್ಟಿನ ತರ್ಕ ಸರಳ ಮತ್ತು ಚೂಪಾಗಿತ್ತು. ಈ ಷರತ್ತನ್ನು ಒಪ್ಪಿಬಿಟ್ಟರೆ ಲಾಂಡ್ರಿಯವನು ಹೊಸ ಬಟ್ಟೆಯನ್ನು ‘ಕಳೆದುಹೋಯಿತು’ ಎಂದು ಹೇಳಿ ಅರ್ಧ ಬೆಲೆಗೆ ತಾನೇ ಇಟ್ಟುಕೊಳ್ಳಬಹುದಲ್ಲ! ಅಜಾಗರೂಕತೆಗೆ, ಅಪ್ರಾಮಾಣಿಕತೆಗೆ ಬಹುಮಾನ ಕೊಡುವಂಥ ಷರತ್ತು ಸಾರ್ವಜನಿಕ ಹಿತಕ್ಕೆ ವಿರುದ್ಧ. ಹಾಗಾಗಿ ಕರಾರು ಕಾಯ್ದೆಯ 23ನೇ ಕಲಮಿನ ಪ್ರಕಾರ ಅದು ಊರ್ಜಿತವಲ್ಲ.

ಇಂಥದ್ದೇ ಇನ್ನೊಂದು ತೀರ್ಪು ನಮ್ಮ ಹಾವೇರಿ ಜಿಲ್ಲೆಯವರಾದ ನ್ಯಾಯಮೂರ್ತಿ ಮೋಹನ ಶಾಂತನಗೌಡರ ಅವರದ್ದು. 1998ರ ಆಗಸ್ಟ್ 1ರ ರಾತ್ರಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದವರೊಬ್ಬರು ತಮ್ಮ ಮಾರುತಿ ಜೆನ್ ಕಾರಿನ ಕೀಲಿಯನ್ನು ಬಾಗಿಲಲ್ಲಿ ನಿಂತಿದ್ದ ಸಿಬ್ಬಂದಿಗೆ ಕೊಟ್ಟು ಒಳಗೆ ಹೋದರು. ಹೊರಗೆ ಬಂದಾಗ ಕಾರು ಇರಲಿಲ್ಲ. ಬೇರೆ ಯಾರೋ ಕೀಲಿ ಪಡೆದು ಓಡಿಸಿಕೊಂಡು ಹೋಗಿದ್ದರು. ಪಾರ್ಕಿಂಗ್ ಚೀಟಿಯಲ್ಲಿ ‘ಮಾಲೀಕರ ಸ್ವಂತ ಜವಾಬ್ದಾರಿ’ ಎಂದು ಅಚ್ಚಾಗಿತ್ತು. ಇಪ್ಪತ್ತೊಂದು ವರ್ಷದ ನಂತರ, 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದಿಷ್ಟು: ವಾಹನವನ್ನು ನಿಮ್ಮ ವಶಕ್ಕೆ ತೆಗೆದುಕೊಂಡ ಮೇಲೆ ನಿಮ್ಮದೇ ಅಜಾಗರೂಕತೆಯ ಹೊಣೆಯಿಂದ ಒಂದು ಚೀಟಿ ತೋರಿಸಿ ತಪ್ಪಿಸಿಕೊಳ್ಳಲಾಗದು. ಮಾಲ್‌ಗಳಲ್ಲಿ, ಆಸ್ಪತ್ರೆಗಳಲ್ಲಿ ಅದೇ ಒಕ್ಕಣೆಯ ಬೋರ್ಡುಗಳು ಈಗಲೂ ತೂಗುತ್ತಿವೆ. ಕೀಲಿಯನ್ನು ನಾವೇ ಇಟ್ಟುಕೊಂಡು ಬರಿಯ ಜಾಗ ಬಳಸಿಕೊಂಡರೆ ಲೆಕ್ಕ ಬೇರೆ, ಅದನ್ನೂ ಮರೆಯಬಾರದು.

ಹಾಗಾದರೆ 100 ಡಾಲರಿನ ಮಿತಿ ಉಳಿಯಿತು, ಅರ್ಧ ಬೆಲೆಯ ಸೀರೆ ಉಳಿಯಲಿಲ್ಲ, ಏಕೆ? ಎರಡರ ನಡುವೆ ಸ್ಕೇಲು ಇಟ್ಟು ಗೆರೆ ಎಳೆಯಲಾಗುವುದಿಲ್ಲ. ಒಂದು ಕಡೆ ವ್ಯಾಪಾರಕ್ಕಿಳಿದ ಕಂಪನಿ, ಬೆಲೆಬಾಳುವುದಾದರೆ ವಿಮೆ ಮಾಡಿಸಬಹುದಿತ್ತು. ಇನ್ನೊಂದು ಕಡೆ ಸೀರೆ ಕೊಟ್ಟು ಬಂದ ಗಿರಾಕಿ. ಕೋರ್ಟು ನೋಡುವುದು ಷರತ್ತಿನ ಪದಗಳನ್ನಷ್ಟೇ ಅಲ್ಲ, ಅದನ್ನು ಬೇಡ ಎನ್ನುವ ಶಕ್ತಿ ಸಹಿ ಹಾಕಿದವರಿಗೆ ಇತ್ತೇ ಎಂಬುದನ್ನು.

ದಶಕಗಟ್ಟಲೆ ಹೀಗೆ ಒಂದೊಂದು ತೀರ್ಪಿನಲ್ಲಿ ಚದುರಿಹೋಗಿದ್ದ ವಿಚಾರ ಶಾಸನದೊಳಗೆ ಬಂದದ್ದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ. 1986ರ ಹಳೆಯ ಕಾಯ್ದೆಯಲ್ಲಿ ಇಲ್ಲದ ‘ಅನ್ಯಾಯದ ಕರಾರು’ ಎಂಬ ಪರಿಕಲ್ಪನೆ ಇಲ್ಲಿದೆ. ವಿಪರೀತ ಠೇವಣಿ ಕೇಳುವುದು, ಆದ ನಷ್ಟಕ್ಕೂ ಹಾಕುವ ದಂಡಕ್ಕೂ ತಾಳಮೇಳವಿಲ್ಲದಿರುವುದು, ಸಾಲವನ್ನು ಅವಧಿಗೆ ಮೊದಲೇ ತೀರಿಸಲು ಬಂದವರನ್ನು ಬೇಡ ಎನ್ನುವುದು, ಸರಿಯಾದ ಕಾರಣವಿಲ್ಲದೆ ಒಬ್ಬರೇ ಕರಾರು ಮುರಿಯುವುದು, ಗ್ರಾಹಕರಿಗೆ ತೊಂದರೆಯಾಗುವಂತೆ ಅವರನ್ನು ಕೇಳದೆ ಕರಾರನ್ನು ಇನ್ನೊಬ್ಬರಿಗೆ ವರ್ಗಾಯಿಸುವುದು ಇವೆಲ್ಲ ಅದರಲ್ಲಿ ಸೇರುತ್ತವೆ. ಇವುಗಳಲ್ಲಿ ಯಾವುದಕ್ಕೂ ಸಿಗದೆ ನುಣುಚಿಕೊಳ್ಳುವವರಿಗಾಗಿ ಕೊನೆಯಲ್ಲೊಂದು ದೊಡ್ಡ ಬಲೆ: ಗ್ರಾಹಕರನ್ನು ಹಿನ್ನಡೆಗೆ ತಳ್ಳುವ ಯಾವುದೇ ಅಸಮಂಜಸ ಶುಲ್ಕ, ಹೊಣೆ ಅಥವಾ ಷರತ್ತು.

ಛತ್ರದ ರಸೀದಿಯನ್ನು ಈ ಬೆಳಕಿನಲ್ಲಿ ಹಿಡಿದರೆ ಮೂರ್ನಾಲ್ಕು ಸಾಲುಗಳು ಕಷ್ಟಕ್ಕೆ ಸಿಲುಕುತ್ತವೆ. ಕಳೆದ ಪಾತ್ರೆಗೆ ಎರಡರಷ್ಟು ಬೆಲೆ ಎಂಬುದು ನಷ್ಟಕ್ಕೆ ಹೊಂದದ ದಂಡ. ‘ಅನಿವಾರ್ಯ ಸಂದರ್ಭ’ ಯಾವುದೆಂದು ಹೇಳದೆ ಬುಕಿಂಗ್ ರದ್ದು ಮಾಡುವ ಹಕ್ಕು ಒಬ್ಬರೇ ಕರಾರು ಮುರಿಯುವ ಹಕ್ಕು.

ಆದರೆ ಕಾಯ್ದೆಯ ಪಟ್ಟಿಯನ್ನು ಬಾಯಿಪಾಠ ಮಾಡಬೇಕಿಲ್ಲ. ಕರಡು ಬರೆಯುವಾಗಲೂ ಬಂದ ಕರಡನ್ನು ಪರಿಶೀಲಿಸುವಾಗಲೂ ನಾನು ನೆಚ್ಚಿಕೊಂಡಿರುವುದು ಒಂದೇ ಉಪಾಯವನ್ನು. ಷರತ್ತಿನಲ್ಲಿ ‘ಗ್ರಾಹಕರು’ ಇರುವ ಕಡೆ ‘ಸಂಸ್ಥೆ’ ಎಂದೂ, ‘ಸಂಸ್ಥೆ’ ಇರುವ ಕಡೆ ‘ಗ್ರಾಹಕರು’ ಎಂದೂ ಅದಲು ಬದಲು ಮಾಡಿ ಗಟ್ಟಿಯಾಗಿ ಓದುವುದು. ಬರೆಸಿದವರಿಗೇ ಅದನ್ನು ಕೇಳಿ ಮೈ ಉರಿದರೆ ಆ ಷರತ್ತು ಗ್ರಾಹಕ ಆಯೋಗದ ಮುಂದೆ ನಿಲ್ಲುವುದು ಕಷ್ಟ.

ಕೋರ್ಟುಗಳು ಮಾಡಿದ್ದೂ ಇದನ್ನೇ. 2019ರ ಏಪ್ರಿಲಿನಲ್ಲಿ ಪಯನೀರ್ ಅರ್ಬನ್ ಎಂಬ ಬಿಲ್ಡರ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕರಾರಿನ ಕಲಮುಗಳನ್ನು ಎದುರುಬದುರು ಇಟ್ಟು ನೋಡಿತು. ಕೊಂಡವರು ಕಂತು ತಡ ಮಾಡಿದರೆ ವರ್ಷಕ್ಕೆ ಶೇ 18 ಬಡ್ಡಿ. 30 ದಿನ ಮೀರಿದರೆ ಫ್ಲಾಟ್ ಹಂಚಿಕೆಯೇ ರದ್ದು. ಬಿಲ್ಡರ್ ತಡ ಮಾಡಿದರೆ? ರಿಯಾಯಿತಿ ಅವಧಿ ಮುಗಿದ ಮೇಲೂ 12 ತಿಂಗಳು ಕಾಯಬೇಕು, ಆಮೇಲೆ 90 ದಿನದ ನೋಟಿಸು ಕೊಡಬೇಕು, ಅದಾದ ಮೇಲೆ ಹಣ ವಾಪಸು ಮಾಡಲು ಬಿಲ್ಡರ್‌ಗೆ ಇನ್ನೂ 90 ದಿನ; ಬಡ್ಡಿ ಮಾತ್ರ ಶೇ 9. ಚುಕ್ಕೆ ಸಾಲಿನ ಮೇಲೆ ಸಹಿ ಹಾಕುವುದು ಬಿಟ್ಟು ಕೊಂಡವರಿಗೆ ಬೇರೆ ದಾರಿ ಇರಲಿಲ್ಲ, ಇಂಥ ಏಕಪಕ್ಷೀಯ ಕಲಮುಗಳು ಅವರನ್ನು ಕಟ್ಟಿಹಾಕುವುದಿಲ್ಲ ಎಂದಿತು ಕೋರ್ಟು.

ಮರುವರ್ಷದ ಆಗಸ್ಟಿನಲ್ಲಿ ಬೆಂಗಳೂರಿನ ಬೇಗೂರಿನ ಸರದಿ. ಡಿಎಲ್‌ಎಫ್ ಸದರ್ನ್ ಹೋಮ್ಸ್‌ನ ವಸತಿ ಸಮುಚ್ಚಯದಲ್ಲಿ ಫ್ಲಾಟ್ ಕೊಂಡಿದ್ದ 339 ಮಂದಿ ಸುಪ್ರೀಂ ಕೋರ್ಟಿನಲ್ಲಿದ್ದರು. ಮನೆ ಕೊಡುವುದು ತಡವಾದರೆ ಚದರಡಿಗೆ ತಿಂಗಳಿಗೆ 5 ರೂಪಾಯಿ ಪರಿಹಾರ ಎಂದು ಕರಾರಿನಲ್ಲಿತ್ತು. 1,500 ಚದರಡಿಯ ಮನೆಗೆ ತಿಂಗಳಿಗೆ 7,500 ರೂಪಾಯಿ ಆಯಿತು. ಬೆಂಗಳೂರಿನಲ್ಲಿ ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಬ್ಯಾಂಕಿನ ಕಂತು ಎರಡನ್ನೂ ಕಟ್ಟುತ್ತಿರುವವರಿಗೆ ಅದು ಯಾವ ಮೂಲೆಗೆ? ಆ 5 ರೂಪಾಯಿಯ ಜೊತೆಗೆ, ತಡವಾದ ಅವಧಿಗೆ ವಾರ್ಷಿಕ ಶೇ 6ರ ಸರಳ ಬಡ್ಡಿಯನ್ನೂ ಕೊಡಬೇಕೆಂದು ಕೋರ್ಟು ಆದೇಶಿಸಿತು. ಕೀಲಿ ತೆಗೆದುಕೊಂಡಿದ್ದೀರಿ, ಇನ್ನು ಪರಿಹಾರದ ಮಾತೆತ್ತಬೇಡಿ ಎಂಬ ವಾದವೂ ನಡೆಯಲಿಲ್ಲ.

ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆ ಈ ತಿರುಗಿಸಿ ಓದುವ ಉಪಾಯವನ್ನು ನಿಯಮವನ್ನಾಗಿಯೇ ಮಾಡಿದೆ. ಕೊಂಡವರು ತಡ ಮಾಡಿದಾಗ ಬಿಲ್ಡರ್ ಎಷ್ಟು ಬಡ್ಡಿ ಹಾಕುತ್ತಾನೋ ತಾನು ತಡ ಮಾಡಿದಾಗ ಅಷ್ಟನ್ನೇ ಕೊಡಬೇಕು. 2020ರ ಇ-ಕಾಮರ್ಸ್ ನಿಯಮಗಳದ್ದೂ ಇದೇ ಧಾಟಿ. ಕಂಪನಿ ತಾನಾಗಿ ಆರ್ಡರ್ ರದ್ದು ಮಾಡಿದಾಗ ಶುಲ್ಕ ಹೊರುವುದಿಲ್ಲವಾದರೆ ಗ್ರಾಹಕರು ರದ್ದು ಮಾಡಿದಾಗಲೂ ಶುಲ್ಕ ಕೇಳುವಂತಿಲ್ಲ. ಈ ಉಪಾಯಕ್ಕೂ ಮಿತಿ ಇದೆ ಅನ್ನಿ. ಸಾಲದ ಕರಾರನ್ನು ತಿರುಗಿಸಿ ಓದಿದರೆ ಬ್ಯಾಂಕೇ ನಮಗೆ ಬಡ್ಡಿ ಕಟ್ಟಬೇಕಾಗುತ್ತದೆ! ವ್ಯವಹಾರದ ಸ್ವಭಾವದಿಂದಲೇ ಬಂದ ವ್ಯತ್ಯಾಸ ಯಾವುದು, ಜಬರದಸ್ತಿನಿಂದ ಬಂದದ್ದು ಯಾವುದು ಎಂದು ಬಿಡಿಸುವಷ್ಟು ತಿಳಿವಳಿಕೆ ಬೇಕು.

ಈಗ ಪೆನ್ನು ನಮ್ಮ ಕೈಯಲ್ಲಿದೆ ಎಂದುಕೊಳ್ಳಿ. ಛತ್ರದ ಮಾಲೀಕರ ಪರವಾಗಿ ಮುಂಗಡದ ಷರತ್ತನ್ನು ಹೊಸದಾಗಿ ಬರೆಯಬೇಕು. ಅವರ ಸಂಕಟವೂ ಸುಳ್ಳಲ್ಲ. ಮಾಘ, ವೈಶಾಖದ ಒಂದು ಒಳ್ಳೆಯ ಮುಹೂರ್ತವನ್ನು ಆರು ತಿಂಗಳು ಹಿಡಿದಿಟ್ಟುಕೊಂಡು, ಕೇಳಿ ಬಂದ ನಾಲ್ಕು ಮನೆಯವರನ್ನು ವಾಪಸು ಕಳಿಸಿ, ಕೊನೆಯ ವಾರದಲ್ಲಿ “ಸಂಬಂಧ ಕೂಡಿಬರಲಿಲ್ಲ, ದುಡ್ಡು ಕೊಡಿ” ಎಂದರೆ ಅವರೇನು ಮಾಡಬೇಕು? ಆದರೆ ಆರು ತಿಂಗಳು ಮೊದಲೇ ಬೇಡ ಎಂದವರಿಗೂ ಕೊನೆಯ ವಾರದಲ್ಲಿ ಬೇಡ ಎಂದವರಿಗೂ ಒಂದೇ ಶಿಕ್ಷೆ ಹಾಕಿದ್ದು ಹಳೆಯ ಷರತ್ತಿನ ದೋಷ. ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಎಷ್ಟೇ ಮೊತ್ತ ನಮೂದಿಸಿದ್ದರೂ ಸಿಗುವುದು ಸಮಂಜಸ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಗರಿಷ್ಠ ಮಿತಿ. ಹಾಗಾಗಿ ಕಾನೂನಿನ ಪುಸ್ತಕ ತೆರೆಯುವ ಮೊದಲು ಛತ್ರದ ಬುಕಿಂಗ್ ಡೈರಿ ತೆರೆಯಬೇಕು. ಎಷ್ಟು ದಿನ ಮೊದಲು ರದ್ದಾದ ತಾರೀಖುಗಳು ಮತ್ತೆ ಭರ್ತಿಯಾಗಿವೆ, ಯಾವುವು ಖಾಲಿ ಉಳಿದಿವೆ, ನೋಡಬೇಕು. ಆಷಾಢದಲ್ಲಿ ಹೇಗೂ ಖಾಲಿ ಇರುತ್ತಿದ್ದ ದಿನಕ್ಕೆ ನಷ್ಟ ಎಲ್ಲಿಂದ ಬರಬೇಕು?

ಡೈರಿ ನೋಡಿದ ಮೇಲೆ ಬರೆಯುವ ಷರತ್ತು ಹೆಚ್ಚುಕಡಿಮೆ ಹೀಗಿರಬಹುದು: ‘ಕಾರ್ಯಕ್ರಮಕ್ಕೆ 90 ದಿನಕ್ಕಿಂತ ಮೊದಲು ರದ್ದು ಮಾಡಿದರೆ ಮುಂಗಡದಲ್ಲಿ ಶೇ 10 ಹಿಡಿದುಕೊಂಡು ಉಳಿದದ್ದನ್ನು 15 ದಿನದೊಳಗೆ ಹಿಂತಿರುಗಿಸುತ್ತೇವೆ. 90ರಿಂದ 30 ದಿನದ ನಡುವೆ ರದ್ದಾದರೆ ಅರ್ಧ ಹಿಂತಿರುಗಿಸುತ್ತೇವೆ. 30 ದಿನಕ್ಕಿಂತ ಕಡಿಮೆ ಇದ್ದರೆ ಮುಂಗಡ ವಾಪಸಿಲ್ಲ. ಅದೇ ದಿನಕ್ಕೆ ಬೇರೆಯವರು ಬುಕ್ ಮಾಡಿದರೆ ನಮಗಾದ ನಷ್ಟವನ್ನಷ್ಟೇ ಕಳೆದು ಉಳಿದದ್ದನ್ನು ಕೊಡುತ್ತೇವೆ. ರದ್ದತಿಯನ್ನು ಈ ನಂಬರಿಗೆ ವಾಟ್ಸ್‌ಆ್ಯಪ್ ಮಾಡಿದರೆ ಸಾಕು, ಸಂದೇಶ ಬಂದ ದಿನವೇ ಲೆಕ್ಕ. ಬುಕಿಂಗನ್ನು ನಾವೇ ರದ್ದು ಮಾಡಿದರೆ ಪೂರ್ತಿ ಮುಂಗಡದ ಜೊತೆಗೆ ಅದರ ಅರ್ಧದಷ್ಟನ್ನು ಪರಿಹಾರವಾಗಿ ಕೊಡುತ್ತೇವೆ.’

ಉದ್ದವಾಯಿತು, ನಿಜ. ಒಂದು ಸಾಲಿನ ಜಾಗದಲ್ಲಿ ಆರು ಸಾಲು. ಆದರೆ ಜಗಳ ಎಲ್ಲೆಲ್ಲಿ ಹುಟ್ಟುತ್ತದೋ ಅಲ್ಲೆಲ್ಲ ಒಂದು ಉತ್ತರ ಇದೆ. ದಿನ ಎಣಿಸುವುದು ಎಲ್ಲಿಂದ? ಸಂದೇಶ ಬಂದ ದಿನದಿಂದ. ಹಣ ಯಾವಾಗ? 15 ದಿನದೊಳಗೆ. ಒಂದೇ ಮುಹೂರ್ತಕ್ಕೆ ಎರಡು ಮನೆಯವರಿಂದ ದುಡ್ಡು ಎಣಿಸಿಕೊಂಡರು ಎಂಬ ಆಪಾದನೆಗೂ ದಾರಿ ಉಳಿದಿಲ್ಲ. ಕೊನೆಯ ಸಾಲನ್ನು ಮಾಲೀಕರು ಒಪ್ಪುವುದು ಕಷ್ಟ. “ಅದ್ಯಾಕ್ ಬೇಕಿತ್ತು ಸಾರ್, ನಾವಾಗೇ ತಲೆ ಕೊಟ್ಟಂಗೆ” ಎನ್ನುತ್ತಾರೆ. ಮೇಲಿನ ಸಾಲುಗಳನ್ನು ಆಯೋಗದ ಮುಂದೆ ಕಾಪಾಡುವುದು ಆ ಕೊನೆಯ ಸಾಲೇ ಎಂದು ತಿಳಿಹೇಳಲು ಎರಡು ಲೋಟ ಕಾಫಿ ಬೇಕಾಗುತ್ತದೆ.

ಯಾರ ತಪ್ಪೂ ಇಲ್ಲದೆ ಕಾರ್ಯಕ್ರಮ ನಿಂತರೆ ಏನು ಎಂಬುದನ್ನು ಬೇರೆಯಾಗಿಯೇ ಬರೆಯಬೇಕು. 2020ರ ಲಾಕ್‌ಡೌನ್ ಈ ಪಾಠವನ್ನು ಎಲ್ಲರಿಗೂ ಒಟ್ಟಿಗೆ ಹೇಳಿತು. ಅದಕ್ಕೆ ಷರತ್ತೇ ಇಲ್ಲದಿದ್ದಾಗ ಕರಾರು ಕಾಯ್ದೆಯ 56 ಮತ್ತು 65ನೇ ಕಲಮುಗಳು ಬರುತ್ತವೆ: ಮಾಡಲಾಗದ ಸ್ಥಿತಿ ಬಂದರೆ ಕರಾರು ಅಲ್ಲಿಗೆ ಮುಗಿಯಿತು, ಅದರಡಿ ಪಡೆದದ್ದನ್ನು ಪಡೆದವರು ಹಿಂತಿರುಗಿಸಬೇಕು. ಹಿಂತಿರುಗಿಸುವ ಬದಲು ಮುಂದಿನ ತಾರೀಖಿಗೆ ಹೊಂದಿಸಿಕೊಳ್ಳುವ ಆಯ್ಕೆ, ಅಷ್ಟರೊಳಗೆ ಮಾಡಿದ ಖರ್ಚು ಯಾರದ್ದು ಎಂಬ ಲೆಕ್ಕ ಇವನ್ನು ಮೊದಲೇ ಬರೆದಿಟ್ಟುಕೊಂಡರೆ ಎರಡೂ ಕಡೆಯವರಿಗೆ ಒಳ್ಳೆಯದು.

ಅಂಗಡಿ ಬಿಲ್ಲಿನ ‘ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಎಂಬ ಅಮರವಾಣಿಯ ಬಗ್ಗೆಯೂ ಒಂದು ಮಾತು. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಏನೂ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸು ಪಡೆದು ಹಣ ಕೊಡದಿರುವುದು 2019ರ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಮನೆಗೆ ಹೋದ ಮೇಲೆ ಬಣ್ಣ ಹಿಡಿಸಲಿಲ್ಲ ಎಂಬುದು ದೋಷವಲ್ಲ. ಆದ್ದರಿಂದ ಅಂಗಡಿಯವರು ‘ದೋಷವಿದ್ದರೆ 30 ದಿನದೊಳಗೆ ಬಿಲ್ಲಿನೊಂದಿಗೆ ತನ್ನಿ, ಬಣ್ಣ ಅಥವಾ ಅಳತೆಗೆ 7 ದಿನದೊಳಗೆ ಬದಲಾಯಿಸಿಕೊಡುತ್ತೇವೆ, ಹಣ ವಾಪಸಿಲ್ಲ’ ಎಂದು ಬರೆದರೆ ಕಾನೂನೂ ಉಳಿಯಿತು, ವ್ಯಾಪಾರವೂ ಉಳಿಯಿತು. ಇದಕ್ಕೇನೂ ವಕೀಲರ ಫೀಜು ಬೇಡ.

ಇನ್ನು ಸಹಿ ಹಾಕುವ ಕಡೆಯವರಿಗೆ. ಮೂವತ್ತು ಪುಟ ಓದಿ ಎಂದು ಹೇಳುವುದು ಸುಲಭ, ನಾನೇ ಓದುವುದಿಲ್ಲ. ಆ್ಯಪ್ ಹಾಕಿಕೊಳ್ಳುವಾಗ ‘ಒಪ್ಪಿದ್ದೇನೆ’ ಒತ್ತದವರು ಯಾರಿದ್ದಾರೆ? ದುಡ್ಡು ಹೋಗುವ ವ್ಯವಹಾರವಾದರೆ ಮಾತ್ರ ಬಿಡುಗಡೆಯ ದಾರಿಯನ್ನು ಹುಡುಕುತ್ತೇನೆ: ನಿಲ್ಲಿಸುವುದು ಹೇಗೆ, ನಿಲ್ಲಿಸದಿದ್ದರೆ ತಾನಾಗಿ ನವೀಕರಣವಾಗುತ್ತದೆಯೇ, ಬೆಲೆ ಬದಲಿಸುವಾಗ ಹೇಳುತ್ತಾರೆಯೇ. ಸೇರುವುದು ಒಂದೇ ಒತ್ತಿಗೆ, ಬಿಡುವುದಕ್ಕೆ ಏಳು ಪರದೆ ದಾಟಬೇಕು ಎಂಬಂಥ ಚಂದಾ ಬಲೆಯೂ, ಕೊನೆಯ ಪರದೆಯಲ್ಲಿ ಬೆಲೆ ಏರಿಸುವುದೂ, ಕೇಳದೆ ಬುಟ್ಟಿಗೆ ಸಾಮಾನು ಸೇರಿಸುವುದೂ 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯ 13 ನಿಷಿದ್ಧ ಮಾದರಿಗಳ ಪಟ್ಟಿಯಲ್ಲಿವೆ. ಮೊದಲೇ ಟಿಕ್ ಮಾಡಿಟ್ಟ ಚೌಕದಿಂದ ಒಪ್ಪಿಗೆ ಪಡೆಯುವುದನ್ನು ಇ-ಕಾಮರ್ಸ್ ನಿಯಮಗಳು ಅದಕ್ಕೂ ಮೊದಲೇ ನಿಲ್ಲಿಸಿವೆ.

ಕನ್ನಡದಲ್ಲಿ ಜಾಹೀರಾತು ಓದುವವರಿಗೆ ತಿಳಿದಿರಬೇಕಾದ ಇನ್ನೊಂದು ನಿಯಮವಿದೆ. 2022ರ ದಾರಿತಪ್ಪಿಸುವ ಜಾಹೀರಾತುಗಳ ಮಾರ್ಗಸೂಚಿಯ ಪ್ರಕಾರ, ಜಾಹೀರಾತಿನ ಭರವಸೆ ಯಾವ ಭಾಷೆಯಲ್ಲಿದೆಯೋ ಅದಕ್ಕೆ ಅಂಟಿಸಿದ ಷರತ್ತೂ ಅದೇ ಭಾಷೆಯಲ್ಲಿರಬೇಕು, ಅಕ್ಷರವೂ ಅದೇ ಬಗೆಯದ್ದಾಗಿರಬೇಕು. ‘ಶೇ 50 ರಿಯಾಯಿತಿ’ ಎಂದು ದಪ್ಪ ಕನ್ನಡದಲ್ಲಿ ಕೂಗಿ, ಕೆಳಗೆ ನಕ್ಷತ್ರ ಹಾಕಿ ಇಂಗ್ಲಿಷಿನಲ್ಲಿ ಪಿಸುಗುಟ್ಟುವಂತಿಲ್ಲ. ಇದು ಎಷ್ಟರ ಮಟ್ಟಿಗೆ ಪಾಲನೆಯಾಗುತ್ತಿದೆ ಎಂಬುದನ್ನು ಈ ಪತ್ರಿಕೆಯ ಪುಟಗಳನ್ನೇ ತಿರುವಿ ನೋಡಬಹುದು. ಸಾಲದ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2024ರ ಅಕ್ಟೋಬರಿನಿಂದ ಹೊಸ ಚಿಲ್ಲರೆ ಸಾಲಗಳಿಗೆ, ಸಾಲ ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿ ಮುಖ್ಯಾಂಶಗಳ ಪತ್ರ ಕೊಡಬೇಕು. ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರ ಅದರಲ್ಲಿರಬೇಕು. ಅಲ್ಲಿ ಹೇಳದ ಶುಲ್ಕವನ್ನು ಸಾಲಗಾರರ ಸ್ಪಷ್ಟ ಒಪ್ಪಿಗೆ ಇಲ್ಲದೆ ಆಮೇಲೆ ವಸೂಲು ಮಾಡುವಂತಿಲ್ಲ. ಶಾಖೆಯಲ್ಲಿ “ಕನ್ನಡದ್ದು ಕೊಡಿ” ಎಂದು ಕೇಳಿ. ಬಂದ ಕನ್ನಡ ‘ಮೇಲ್ಕಾಣಿಸಿದ ತತ್ಸಂಬಂಧಿತ’ ಎಂದು ಶುರುವಾದರೆ ಇಂಗ್ಲಿಷಿನದೇ ವಾಸಿ ಅನ್ನಿಸಬಹುದು. ಷರತ್ತುಗಳ ಕನ್ನಡ ಕೌಂಟರಿನಲ್ಲಿ ಆಡುವ ಕನ್ನಡವಾಗುವವರೆಗೆ ಈ ನಿಯಮಗಳಿಂದ ಅರ್ಧ ಲಾಭವೇ.

ವಿಮೆಯಲ್ಲಿ ನೋಡಬೇಕಾದದ್ದು ಯಾವುದಕ್ಕೆ ವಿಮೆ ಇಲ್ಲ ಎಂಬ ಭಾಗವನ್ನು. 2022ರಲ್ಲಿ ಟೆಕ್ಸ್‌ಕೋ ಮಾರ್ಕೆಟಿಂಗ್ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಿತ್ತು. ಅಂಗಡಿ ಇದ್ದದ್ದೇ ನೆಲಮಾಳಿಗೆಯಲ್ಲಿ. ವಿಮಾ ಕಂಪನಿಯವರು ಅದನ್ನು ನೋಡಿ ವಿಮೆ ಕೊಟ್ಟು ಕಂತು ಕಟ್ಟಿಸಿಕೊಂಡಿದ್ದರು. ಬೆಂಕಿ ಬಿದ್ದ ಮೇಲೆ ತೆಗೆದು ತೋರಿಸಿದ ಷರತ್ತು: ನೆಲಮಾಳಿಗೆಗೆ ವಿಮೆ ಅನ್ವಯಿಸುವುದಿಲ್ಲ! ಕೊಟ್ಟ ವಿಮೆಯನ್ನೇ ನುಂಗಿಹಾಕುವ ಇಂಥ ಹೊರಗಿಡುವ ಷರತ್ತನ್ನು ಕೋರ್ಟು ಮಾನ್ಯ ಮಾಡಲಿಲ್ಲ.

ವ್ಯಾಜ್ಯ ಎಲ್ಲಿ ನಡೆಯಬೇಕೆಂಬ ಸಾಲಿಗೆ ಹೆದರಬೇಕಿಲ್ಲ. ‘ಮುಂಬೈ ನ್ಯಾಯಾಲಯಗಳ ವ್ಯಾಪ್ತಿಗೆ ಮಾತ್ರ’ ಎಂದು ಎಷ್ಟೇ ದಪ್ಪಗೆ ಅಚ್ಚಾಗಿರಲಿ, ಗ್ರಾಹಕರು ತಾವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಲು ಹೊಸ ಕಾಯ್ದೆ ಅವಕಾಶ ಕೊಟ್ಟಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ. ಪಂಚಾಯ್ತಿದಾರರ ಮುಂದೆ ಮಾತ್ರ ಬಗೆಹರಿಸಿಕೊಳ್ಳಬೇಕೆಂಬ ಷರತ್ತೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲವೆಂದು 2018ರಲ್ಲೇ ತೀರ್ಮಾನವಾಗಿದೆ. ಆದರೆ ಕಾಯ್ದೆಯಲ್ಲಿ ಒಂದು ಕೊರೆ ಉಳಿದಿದೆ. ಅನ್ಯಾಯದ ಕರಾರಿನ ಕಲಮನ್ನೇ ಶೂನ್ಯವೆಂದು ಘೋಷಿಸುವ ಅಧಿಕಾರವನ್ನು ಸಂಸತ್ತು ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗೆ ಕೊಟ್ಟಿದೆ, ಜಿಲ್ಲಾ ಆಯೋಗಕ್ಕೆ ಕೊಟ್ಟಿಲ್ಲ. ಅಲ್ಲಿ ಸೇವಾ ನ್ಯೂನತೆ, ಅನುಚಿತ ವ್ಯಾಪಾರ ಪದ್ಧತಿ ಎಂದು ದೂರು ಕೊಟ್ಟು ಪರಿಹಾರ ಪಡೆಯಬಹುದು. ಹತ್ತಿಪ್ಪತ್ತು ಸಾವಿರದ ಜಗಳಗಳೇ ಹೆಚ್ಚಿರುವಾಗ ಆ ಅಧಿಕಾರ ಜಿಲ್ಲೆಯಲ್ಲಿ ಇರಬೇಕಿತ್ತು ಎಂಬುದು ನನ್ನ ಎಣಿಕೆ.

ಇಷ್ಟೆಲ್ಲ ಕರುಣೆ ಇರುವುದು ಗ್ರಾಹಕರಿಗೆ. ವ್ಯಾಪಾರಿ ಮತ್ತು ವ್ಯಾಪಾರಿಯ ನಡುವೆ ಕೋರ್ಟು ಇಷ್ಟು ಮೃದುವಾಗಿರುವುದಿಲ್ಲ. ದುರ್ಬಲರ ಮೇಲೆ ಹೇರಿದ ಅತಿರೇಕದ ಕಲಮುಗಳು ಊರ್ಜಿತವಲ್ಲ ಎಂದು 1986ರಲ್ಲಿ ಸಾರಿದ ಬ್ರಜೋನಾಥ್ ಗಂಗೂಲಿ ತೀರ್ಪೇ, ಇಬ್ಬರೂ ವ್ಯಾಪಾರಿಗಳಾಗಿದ್ದರೆ ಈ ತತ್ತ್ವ ಅನ್ವಯಿಸದೆ ಇರಬಹುದು ಎಂದೂ ಹೇಳಿದೆ. ಪೀಣ್ಯದಲ್ಲಿ ಎರಡು ಲೇತು ಇಟ್ಟುಕೊಂಡು ದೊಡ್ಡ ಕಂಪನಿಗೆ ಬಿಡಿಭಾಗ ಮಾಡಿಕೊಡುವವರು ಕಾಗದದ ಮೇಲೆ ‘ವ್ಯಾಪಾರಿ’ಯೇ. ಅವರಿಗೆ ಬರುವ ಪರ್ಚೇಸ್ ಆರ್ಡರಿನ ಜೊತೆಗೆ ಏಳೆಂಟು ಪುಟದ ಷರತ್ತು ಇರುತ್ತದೆ. ಹಣ 90 ದಿನದ ಮೇಲೆ. ಮಾಲು ತಡವಾದರೆ ವಾರಕ್ಕಿಷ್ಟು ಕಡಿತ. ತಿರಸ್ಕಾರದ ಬಗ್ಗೆ ಕಂಪನಿಯ ತೀರ್ಮಾನವೇ ಅಂತಿಮ. ತಿರುಗಿಸಿ ಓದಿ ನಕ್ಕರೆ ಆರ್ಡರ್ ಪಕ್ಕದ ಶೆಡ್ಡಿಗೆ ಹೋಗುತ್ತದೆ.

ಆದರೂ ಒಂದು ಕಲಮಿನ ವಿಷಯದಲ್ಲಿ ಅವರ ಕೈ ಮೇಲಿದೆ. ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರಿಗೆ, ಸೇವೆ ಕೊಡುವವರಿಗೆ, ಕರಾರಿನಲ್ಲಿ ಏನೇ ಬರೆದುಕೊಂಡಿದ್ದರೂ 45 ದಿನದೊಳಗೆ ಹಣ ಕೊಡಬೇಕು ಎನ್ನುತ್ತದೆ 2006ರ ಎಂಎಸ್‌ಎಂಇಡಿ ಕಾಯ್ದೆ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಮಾಲು ತಲುಪಿದ 15 ದಿನದೊಳಗೆ ಬರಹದಲ್ಲಿ ತಕರಾರು ಬರದಿದ್ದರೆ ಒಪ್ಪಿಕೊಂಡಂತೆಯೇ. ಆದ್ದರಿಂದ ಡೆಲಿವರಿ ಚಲನ್ನಿನ ಮೇಲೆ ತಾರೀಖು ಸಮೇತ ಮೊಹರು ಹಾಕಿಸಿಕೊಳ್ಳದೆ ಗಾಡಿ ವಾಪಸು ಬರಬಾರದು. ಬಡ್ಡಿಗಾಗಿ ದಾವೆ ಹೂಡುವವರು ಕಡಿಮೆ, ನಾಳೆ ಮತ್ತೆ ಅದೇ ಗೇಟಿನಲ್ಲಿ ನಿಲ್ಲಬೇಕಲ್ಲ. ಆದರೆ 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಗೆ ಒಂದು ತಿದ್ದುಪಡಿ ತಂದ ಮೇಲೆ, ಅವಧಿ ಮೀರಿ ಉಳಿಸಿಕೊಂಡ ಇಂಥ ಬಾಕಿಯನ್ನು ಕೊಂಡ ಕಂಪನಿ ಪಾವತಿ ಮಾಡಿದ ವರ್ಷವಷ್ಟೇ ಖರ್ಚು ಎಂದು ತೋರಿಸಬಹುದು. ಈಗ ಮಾರ್ಚ್ ಹತ್ತಿರ ಬಂತೆಂದರೆ ಅವರ ಅಕೌಂಟೆಂಟೇ ಫೋನ್ ಮಾಡಿ “ನಿಮ್ದು ಉದ್ಯಮ್ ನಂಬರ್ ಇದೆಯಾ?” ಎಂದು ವಿಚಾರಿಸುತ್ತಾರೆ. ಕೇಳುವವರೆಗೆ ಕಾಯದೆ ಆ ನಂಬರನ್ನೂ 45 ದಿನದ ಸಾಲನ್ನೂ ಬಿಲ್ಲಿನ ಮುಂಬದಿಯಲ್ಲೇ, ಬ್ಯಾಂಕ್ ಖಾತೆ ಸಂಖ್ಯೆಯ ಪಕ್ಕದಲ್ಲಿ ಅಚ್ಚು ಹಾಕಿಸಿಟ್ಟುಕೊಳ್ಳಿ.